ಸೆರೆಮನೆಯ ಪಟ್ಟಿ

ಶಾಸ್ತ್ರಗ್ರಂಥಗಳಲ್ಲಿ ದೇಹಲೀದೀಪನ್ಯಾಯವೆಂಬ ಮಾತೊಂದು ಬರುವುದುಂಟು. ಹೊಸ್ತಿಲಿನ ಮೇಲಿಟ್ಟ ಒಂದೇ ದೀಪವು ಮನೆಯ ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ಬೆಳಗುತ್ತದೆಂಬುದು ಅದರ ತಾತ್ಪರ್ಯ. ಸೆರೆಮನೆಯ ಬಾಗಿಲಿನಲ್ಲಿ ಬರೆದಿಡುವ ಬಂದಿಗಳ ಪಟ್ಟಿಯೂ ಅಂತಹುದೇ ಒಂದು ದೀಪ. ಅದರ ಬೆಳಕು ಒಳಗಿನ ಅಧಿಕಾರಿಯ ನಡತೆಯನ್ನು ಹೊರಗೆ ಕಾಣಿಸುತ್ತದೆ. ಹೊರಗೆ ಕಂಗೆಟ್ಟು ನಿಂತ ಬಂಧುವಿಗೆ ದಾರಿಯನ್ನು ತೋರಿಸುತ್ತದೆ. ಆದರೆ ದೀಪವನ್ನು ಹೊತ್ತಿಸುವುದು ಹೇಗೆ ಧರ್ಮವೋ, ಅದರಿಂದ ಮನೆಗೆ ಬೆಂಕಿ ತಗುಲದಂತೆ ನೋಡಿಕೊಳ್ಳುವುದೂ ಹಾಗೆಯೇ ಧರ್ಮ. ಈ ಎರಡು ಧರ್ಮಗಳೂ ಎದುರುಬದುರಾಗಿ ನಿಲ್ಲುವುದನ್ನು ಕಾಣಬೇಕಾದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಹಳ್ಳಿಗಾಡಿನ ಕೌಂಟಿಗಳನ್ನು ನೋಡಬೇಕು.

ಆ ದೇಶದಲ್ಲಿ ೩,೦೦೦ಕ್ಕೂ ಮಿಕ್ಕು ಕೌಂಟಿಗಳಿವೆ. ಒಂದೊಂದು ಸಂಸ್ಥಾನವೂ ಇಂತಹ ಹಲವು ಕೌಂಟಿಗಳಾಗಿ ವಿಭಾಗವಾಗಿದೆ. ಲಕ್ಷಗಟ್ಟಲೆ ಜನರಿರುವ ಕೌಂಟಿಗಳೂ ಉಂಟು. ಟೆಕ್ಸಸ್ ಸಂಸ್ಥಾನದ ಲವಿಂಗ್ ಎಂಬ ಕೌಂಟಿಯಲ್ಲಿ ೨೦೨೦ನೆಯ ಇಸವಿಯ ಜನಗಣತಿಯ ಕಾಲಕ್ಕೆ ೬೪ ಜನರು ಮಾತ್ರ ಇದ್ದರು. ಬಹುತೇಕ ಸಂಸ್ಥಾನಗಳಲ್ಲಿ ಕೌಂಟಿಗೊಬ್ಬ ಷೆರೀಫನನ್ನು ಪ್ರಜೆಗಳೇ ಚುನಾಯಿಸುತ್ತಾರೆ. ಹಳ್ಳಿಗಾಡಿನಲ್ಲಿ ದಸ್ತಗಿರಿ ಮಾಡುವವರು ಅನೇಕ ವೇಳೆ ಅವನ ಕೈಕೆಳಗಿನವರು. ಸೆರೆಮನೆಯನ್ನು ಕಾಯುವವರೂ ಅವರೇ. ಪಟ್ಟಿಯನ್ನು ಬರೆಯುವವರೂ ಅವರೇ. ವಿಚಾರಣೆಯನ್ನು ಎದುರು ನೋಡುತ್ತಿರುವವರೂ, ಸಾಮಾನ್ಯವಾಗಿ ಒಂದು ವರ್ಷಕ್ಕೆ ಮೀರದ ಶಿಕ್ಷೆಯನ್ನು ಪಡೆದವರೂ ಈ ಸೆರೆಮನೆಯಲ್ಲಿರುತ್ತಾರೆ. ದೀರ್ಘಶಿಕ್ಷೆಯ ಕೈದಿಗಳಿಗೆ ಸಂಸ್ಥಾನದ ಬೇರೆ ಕಾರಾಗೃಹಗಳಿವೆ. ಆದಕಾರಣ ಕೌಂಟಿಯ ಪಟ್ಟಿಯಲ್ಲಿ ಹೆಸರಿದ್ದವರಲ್ಲಿ ಬಹುಮಂದಿ ಇನ್ನೂ ಅಪರಾಧಿಗಳೆಂದು ನಿರ್ಣೀತರಾದವರಲ್ಲವೆಂಬುದನ್ನು ವಾಚಕರು ಮೊದಲಿಗೇ ಮನಸ್ಸಿನಲ್ಲಿಡಬೇಕು.

ದಸ್ತಗಿರಿಯಾದವನನ್ನು ಒಳಗೆ ಕರೆದುಕೊಂಡ ಕೂಡಲೆ ಅವನ ಹೆಸರು, ಹುಟ್ಟಿದ ತಾರೀಖು, ಎತ್ತರ, ತೂಕ, ಹೊರಿಸಿದ ಆಪಾದನೆ, ಒಳಗೆ ಬಂದ ವೇಳೆ ಇವುಗಳನ್ನು ಬರೆದುಕೊಳ್ಳುತ್ತಾರೆ. ಜಾಮೀನು ಗೊತ್ತಾದರೆ ಅದರ ಮೊಬಲಗನ್ನೂ ಸೇರಿಸುತ್ತಾರೆ. ಜೇಬಿನಲ್ಲಿದ್ದ ವಸ್ತುಗಳನ್ನು ಎಣಿಸಿ ತೆಗೆದಿಡುತ್ತಾರೆ. ದೇಹಸ್ಥಿತಿಯನ್ನು ವಿಚಾರಿಸುತ್ತಾರೆ. ಭಾವಚಿತ್ರವನ್ನೂ ಬೆರಳಚ್ಚನ್ನೂ ತೆಗೆಯುತ್ತಾರೆ. ಈ ಬೆರಳಚ್ಚಿನ ವಿದ್ಯೆಗೂ ಭರತಖಂಡಕ್ಕೂ ನಿಕಟವಾದ ಸಂಬಂಧವಿದೆ. ೧೮೫೮ರಲ್ಲಿ ವಂಗದೇಶದ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲನು ಒಂದು ಕರಾರಿನ ಮೇಲೆ ಗುತ್ತಿಗೆದಾರನ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು. ಮುದ್ರೆಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸುವುದರಲ್ಲಿ ಎಡ್ವರ್ಡ್ ಹೆನ್ರಿಯೊಡನೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರು ದುಡಿದರು. ಹೆನ್ರಿಯ ಹೆಸರಿನಿಂದ ಪ್ರಸಿದ್ಧವಾದ ಆ ಕ್ರಮವು ೧೯೦೧ರಲ್ಲಿ ಲಂಡನ್ನಿಗೂ, ಅನಂತರ ಅಮೆರಿಕಕ್ಕೂ ಹೋಯಿತು.

ಒಬ್ಬ ತಾಯಿಯ ಮಗನು ದೂರದ ಕೌಂಟಿಯೊಂದರಲ್ಲಿ ರಾತ್ರಿಯ ವೇಳೆ ದಸ್ತಗಿರಿಯಾದನೆಂದು ಇಟ್ಟುಕೊಳ್ಳಬಹುದು. ಅವಳು ಅವನನ್ನು ಹುಡುಕುವ ಬಗೆ ಹೇಗೆ? ಹಿಡಿದವರು ಪಟ್ಟಣದ ಪೋಲೀಸರಾಗಿರಲಿ, ಹೆದ್ದಾರಿಯ ಪಹರೆಯವರಾಗಿರಲಿ, ಇರಿಸುವ ಸ್ಥಳವು ಸಾಮಾನ್ಯವಾಗಿ ಕೌಂಟಿಯ ಸೆರೆಮನೆಯೇ. ಆದುದರಿಂದ ಮೊದಲು ಷೆರೀಫನ ಕಚೇರಿಯನ್ನು ವಿಚಾರಿಸಬೇಕು. ಅನೇಕ ಷೆರೀಫರು ಪಟ್ಟಿಯನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಸಣ್ಣ ಕೌಂಟಿಗಳಲ್ಲಿ ದೂರವಾಣಿಯೇ ಗತಿ. ಪೂರ್ಣನಾಮವನ್ನೂ ಹುಟ್ಟಿದ ತಾರೀಖನ್ನೂ ಹೇಳಬೇಕು. ಕಾಗುಣಿತದ ಒಂದು ಅಕ್ಷರ ತಪ್ಪಿದರೂ ಮಗನು ಸಿಕ್ಕದೆ ಹೋಗಬಹುದು. ಒಳಗೆ ಸೇರಿಸಿಕೊಳ್ಳುವ ಕಾರ್ಯಕ್ಕೆ ಕೆಲವು ಗಂಟೆಗಳು ಹಿಡಿಯುವುದರಿಂದ, ಹೆಸರು ಕಾಣದ ಮಾತ್ರಕ್ಕೆ ಅವನು ಅಲ್ಲಿಲ್ಲವೆಂದು ಹೇಳುವಂತಿಲ್ಲ. ಚಿಕ್ಕ ಕೌಂಟಿಗಳು ಸೆರೆಮನೆಯ ವೆಚ್ಚವನ್ನು ತಾಳಲಾರದೆ ತಮ್ಮ ಬಂದಿಗಳನ್ನು ಬಾಡಿಗೆ ಕೊಟ್ಟು ನೆರೆಯ ಕೌಂಟಿಯಲ್ಲಿ ಇರಿಸುವುದುಂಟು. ಆಗ ಹಿಡಿದ ಊರು ಒಂದು, ಪಟ್ಟಿ ಇರುವ ಊರು ಮತ್ತೊಂದು. ಬಾಲಾಪರಾಧಿಗಳ ಹೆಸರನ್ನಂತೂ ಸಾಮಾನ್ಯವಾಗಿ ಪ್ರಕಟಿಸುವುದೇ ಇಲ್ಲ.

ಬಿಡುಗಡೆಯಾದ ಮೇಲೆ ಹೆಸರು ಪಟ್ಟಿಯಿಂದ ಮರೆಯಾಗುತ್ತದೆ. ಮುಂದಿನ ಕಥೆಯನ್ನು ಕೌಂಟಿಯ ನ್ಯಾಯಸ್ಥಾನದ ಗುಮಾಸ್ತರ ಬಳಿ ಕೇಳಬೇಕು. ಆಪಾದನೆ ನಿಂತಿತೋ, ಬಿದ್ದುಹೋಯಿತೋ ಎಂಬುದು ಅಲ್ಲಿನ ಕಡತದಲ್ಲಿ ಗೊತ್ತಾಗತಕ್ಕದ್ದೇ ಹೊರತು ಸೆರೆಮನೆಯ ಪಟ್ಟಿಯಲ್ಲಲ್ಲ. ದಾಖಲೆಗಳ ವಿಷಯದಲ್ಲಿ ಒಂದೊಂದು ಸಂಸ್ಥಾನದ ಕಾನೂನು ಒಂದೊಂದು ವಿಧ. ಟೆಕ್ಸಸಿನಲ್ಲಿ ತನಿಖೆಯ ಇತರ ಕಾಗದಗಳನ್ನು ತಡೆಹಿಡಿಯಬಹುದಾದಾಗಲೂ ದಸ್ತಗಿರಿಯ ಮೂಲಸಂಗತಿಗಳನ್ನು ಮುಚ್ಚಿಡುವಂತಿಲ್ಲವೆಂದು ಕಾನೂನೇ ಹೇಳುತ್ತದೆ. ಗೋಪ್ಯವಾದ ಬಂಧನಕ್ಕೆ ಎಡೆಯಿರಕೂಡದೆಂಬುದೇ ಇಂತಹ ನಿಯಮಗಳ ಜೀವಾಳ.

ಪಟ್ಟಿಯು ಮೌನವಾದರೆ ಏನಾಗುತ್ತದೆಂಬುದನ್ನು ೧೯೬೪ನೆಯ ಇಸವಿಯು ತೋರಿಸಿಕೊಟ್ಟಿತು. ಜೂನ್ ೨೧ರಂದು ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಎಂಬ ಮೂವರು ತರುಣರು ಮಿಸಿಸಿಪಿ ಸಂಸ್ಥಾನದ ನೆಷೋಬಾ ಕೌಂಟಿಗೆ ಹೋದರು. ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಅವರು, ಸುಟ್ಟುಹಾಕಿದ್ದ ಒಂದು ಚರ್ಚನ್ನು ನೋಡಲು ಹೋಗಿದ್ದರು. ಉಪಷೆರೀಫನು ವೇಗದ ನೆಪದಿಂದ ಅವರ ಕಾರನ್ನು ತಡೆದು, ಮೂವರನ್ನೂ ಫಿಲಡೆಲ್ಫಿಯ ಎಂಬ ಅಲ್ಲಿನ ಸಣ್ಣ ಊರಿನ ಸೆರೆಮನೆಗೆ ಹಾಕಿದನು. ಹೇಳಿದ ವೇಳೆಗೆ ಅವರು ಹಿಂದಿರುಗದಿರಲು ಸಂಗಾತಿಗಳು ಸುತ್ತಲಿನ ಸೆರೆಮನೆಗಳಿಗೆ ದೂರವಾಣಿಯಲ್ಲಿ ವಿಚಾರಿಸಿದರು. ಅಂತಹವರು ಇಲ್ಲಿಲ್ಲವೆಂಬ ಉತ್ತರವು ಫಿಲಡೆಲ್ಫಿಯದಿಂದ ಬಂದಿತೆಂದು ಆ ಸಂಜೆಯ ಅವರ ಟಿಪ್ಪಣಿಯಲ್ಲಿದೆ. ಆ ಗಳಿಗೆಯಲ್ಲಿ ಮೂವರೂ ಅಲ್ಲಿಯೇ ಇದ್ದರು. ರಾತ್ರಿ ೧೦ ಗಂಟೆಯ ತರುವಾಯ ೨೦ ಡಾಲರು ಜುಲ್ಮಾನೆ ಪಡೆದು ಅವರನ್ನು ಹೊರಗೆ ಬಿಟ್ಟರು. ದಾರಿಯಲ್ಲಿ ಅದೇ ಉಪಷೆರೀಫನು ಮತ್ತೆ ತಡೆದು ಹಂತಕರ ಗುಂಪಿಗೆ ಒಪ್ಪಿಸಿದನು. ಆಗಸ್ಟ್ ೪ರಂದು ಮಣ್ಣಿನ ಕಟ್ಟೆಯೊಂದರ ಕೆಳಗೆ ಮೂರು ಶವಗಳು ದೊರೆತುವು. ೧೯೬೭ರಲ್ಲಿ ಉಪಷೆರೀಫನೂ ಸೇರಿ ೭ ಮಂದಿಯ ಮೇಲೆ ಅಪರಾಧವು ಸ್ಥಾಪಿತವಾಯಿತು. ೨೦೦೫ರಲ್ಲಿ, ನಲವತ್ತೊಂದು ವರ್ಷಗಳ ಮೇಲೆ, ಮತ್ತೊಬ್ಬನಿಗೆ ಶಿಕ್ಷೆಯಾಯಿತು. ಅಂದಿನ ಸಂಜೆ ‘ಇದ್ದಾರೆ’ ಎಂಬ ಒಂದು ಮಾತು ಹೊರಗೆ ಬಂದಿದ್ದರೆ, ವಕೀಲನೊಬ್ಬನಾದರೂ ಬಾಗಿಲಿಗೆ ಬರುವುದಕ್ಕೆ ಅವಕಾಶವಿರುತ್ತಿತ್ತು.

ಒಳಗಿರುವವನ ರಕ್ಷಣೆಗೆ ಮಾತ್ರವೇ ಪಟ್ಟಿ ಬೇಕಾದುದಲ್ಲ. ೧೯೯೩ರ ಡಿಸೆಂಬರಿನಲ್ಲಿ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ ಮೇರಿ ಬೈರನ್ ಎಂಬ ತರುಣಿಯು ತನ್ನ ೨೧ನೆಯ ಹುಟ್ಟುಹಬ್ಬದಂದು ಕೊಲೆಯಾದಳು. ಅವಳ ದೂರಿನ ಮೇಲೆ ಸೆರೆಯಾಗಿದ್ದವನು ಜಾಮೀನಿನ ಮೇಲೆ ಹೊರಗೆ ಬಂದುದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಆ ದುಃಖದಿಂದಲೇ ೧೯೯೪ರಲ್ಲಿ ‘ವೈನ್’ ಎಂಬ ಏರ್ಪಾಡು ಹುಟ್ಟಿತು. ಬಂದಿಯ ಬಿಡುಗಡೆಯನ್ನು ಕೋರಿದವರಿಗೆ ದೂರವಾಣಿಯ ಮೂಲಕ ಕೂಡಲೆ ತಿಳಿಸುವ ಈ ಕ್ರಮವು ತರುವಾಯ ಅನೇಕ ಸಂಸ್ಥಾನಗಳಿಗೆ ಹರಡಿತು.

ಇಷ್ಟರಿಂದ ಪಟ್ಟಿಯ ಬೆಳಕು ಸರ್ವದಾ ಹಿತಕರವೆಂದು ತೀರ್ಮಾನಿಸಲಾಗದು. ನಗರದಲ್ಲಿ ಸಾವಿರ ಹೆಸರುಗಳ ನಡುವೆ ಒಂದು ಹೆಸರು ಕರಗಿಹೋಗುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ಅಲ್ಲಿ ಪಟ್ಟಿಯನ್ನು ಓದುವವರು ಅಂಗಡಿಯವನು, ಉಪಾಧ್ಯಾಯಿನಿ, ಕೆಲಸ ಕೊಡುವ ಯಜಮಾನ, ಹೆಣ್ಣು ಕೊಡಬೇಕಾದವರು. ಆಪಾದನೆ ಬಿದ್ದುಹೋದ ವಾರ್ತೆಗೆ ಅಷ್ಟೊಂದು ಓದುಗರಿರುವುದಿಲ್ಲ. ಈ ದೌರ್ಬಲ್ಯವನ್ನು ಕಂಡುಕೊಂಡ ಕೆಲವು ವ್ಯಾಪಾರಿಗಳು ಬಂದಿಗಳ ಭಾವಚಿತ್ರಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ತೆಗೆದುಹಾಕಬೇಕಾದರೆ ಹಣ ಕೊಡಿರೆಂದರು. ಪ್ರಜೆಯ ರಕ್ಷಣೆಗೆಂದು ತೆರೆದ ದಫ್ತರವು ಅವನನ್ನು ಸುಲಿಯುವ ಸಾಧನವಾಯಿತು. ಜಾರ್ಜಿಯ ಸಂಸ್ಥಾನವು ೨೦೧೩ರಲ್ಲಿ, ನಿರ್ದೋಷಿಗಳಾಗಿ ಹೊರಬಂದವರೇ ಮೊದಲಾದವರ ಚಿತ್ರಗಳನ್ನು ಹಣ ಕೇಳದೆ ತೆಗೆಯಬೇಕೆಂದು ವಿಧಿಸಿತು. ೨೦೨೧ರಲ್ಲಿ ಯೂಟಾ ಸಂಸ್ಥಾನವು ಅಪರಾಧವು ಸ್ಥಾಪಿತವಾಗುವವರೆಗೆ ಚಿತ್ರವನ್ನು ಹೊರಗೆ ಬಿಡಕೂಡದೆಂಬ ನಿಯಮವನ್ನು ಕೆಲವು ವಿನಾಯಿತಿಗಳೊಡನೆ ಮಾಡಿತು. ಪೆನ್ಸಿಲ್ವೇನಿಯದಲ್ಲಿ ೨೦೧೮ರ ಕಾನೂನು, ಕೆಲವು ಬಗೆಯ ಹಳೆಯ ದಾಖಲೆಗಳು ಯಾರೂ ಅರ್ಜಿ ಹಾಕದೆ ತಾವಾಗಿಯೇ ಮುಚ್ಚಿಹೋಗುವಂತೆ ಏರ್ಪಡಿಸಿತು.

ಈ ಎರಡು ಧರ್ಮಗಳಿಗೆ ಹೊಂದಿಕೆ ಅಸಾಧ್ಯವೆನ್ನಬೇಕಾಗಿಲ್ಲ. ಕಾಲವೇ ಅವುಗಳ ಗಡಿ. ಒಬ್ಬನು ಸರಕಾರದ ವಶದಲ್ಲಿರುವಷ್ಟು ಕಾಲವೂ ಅವನೆಲ್ಲಿರುವನೆಂಬುದು ಲೋಕಕ್ಕೆ ತಿಳಿದಿರಬೇಕು. ಆ ಗಳಿಗೆಯಲ್ಲಿ ಮರೆಮಾಚುವುದು ಅವನ ಪ್ರಾಣಕ್ಕೇ ಮುಳುವಾಗಬಹುದು. ಅವನು ಹೊರಗೆ ಬಂದು, ಆಪಾದನೆಯೂ ಬಿದ್ದುಹೋದ ಮೇಲೆ, ಅದೇ ದಾಖಲೆಯನ್ನು ಬೀದಿಯಲ್ಲಿ ಹಿಡಿದು ತೋರಿಸುವುದು ನ್ಯಾಯಾಧೀಶನು ವಿಧಿಸದ ದಂಡನೆ. ಷೆರೀಫನ ಪಟ್ಟಿಯಲ್ಲಿ ಒಂದು ಹೆಸರನ್ನು ಕಂಡವರು, ನ್ಯಾಯಸ್ಥಾನದ ಗುಮಾಸ್ತರ ಬಳಿಗೂ ಹೋಗಿ ಕೊನೆಯ ಪುಟವನ್ನು ನೋಡುವವರೆಗೆ ನಾಲಗೆಯನ್ನು ಬಿಗಿಹಿಡಿದಿರುವುದು ಸಜ್ಜನರಿಗೆ ತಕ್ಕ ನಡತೆ. ಆ ಎರಡು ಕಚೇರಿಗಳೂ ಸಾಮಾನ್ಯವಾಗಿ ಒಂದೇ ಊರಿನಲ್ಲಿರುತ್ತವೆ. ನಡುವಣ ದಾರಿಯೂ ಬಹಳ ದೂರದ್ದಲ್ಲ.