ನೆಲವೇ ಡೊಂಕು

ಸಂಗೀತ ನನಗೆ ಬಾರದು. ಆದರೆ ಸಂಗೀತವನ್ನು ಕುರಿತು ನನ್ನಲ್ಲಿ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರಿಗೆ ಇದೊಂದು ವೃತ್ತಿರೋಗವಿರಬೇಕು. ಹೀಗಾಗಿ ನಮ್ಮ ಪುಟ್ಟಿ ಮ್ಯಾಂಡೊಲಿನ್ ಕಲಿಯುತ್ತೇನೆಂದಾಗ, ವಾದ್ಯ ಕೊಡಿಸುವ ಭಾರದ ಜೊತೆಗೆ ಉಪದೇಶ ಮಾಡುವ ಭಾರವನ್ನೂ ನಾನೇ ಹೊತ್ತುಕೊಂಡೆ.

ವಾದ್ಯಕ್ಕೆ ಐದು ಸಾವಿರ ರೂಪಾಯಿ. ಇದ್ದುದರಲ್ಲೆಲ್ಲ ಅಗ್ಗವಾದದ್ದು, ಕಂಪ್ಯೂಟರಿನಲ್ಲಿ ಚಿತ್ರ ನೋಡಿ ತರಿಸಿದ್ದು. ಕಣ್ಣಿಗೆ ಲಕ್ಷಣವಾಗಿಯೇ ಇತ್ತು. ಮೂರು ವಾರ ಸರಳೆ ವರಸೆ ನಡೆಯಿತು. ನಾಲ್ಕನೆಯ ವಾರ ಪುಟ್ಟಿ ಎಡಗೈ ಮುಂದೆ ಚಾಚಿ, "ಅಪ್ಪ, ತಂತಿ ಒತ್ತೋದಕ್ಕೇ ಆಗೋಲ್ಲ. ಒತ್ತಿದರೂ ಸ್ವರ ಬೇರೆಯೇ ಬರುತ್ತೆ" ಎಂದಳು. ಬೆರಳ ತುದಿಯಲ್ಲಿ ಕೆಂಪು ಗೀರುಗಳೆದ್ದಿದ್ದವು. ನಾನು ಕನಿಕರಪಡಬೇಕಾಗಿತ್ತು; ಗಾದೆ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! (ಕಾಲೇಜಿನಲ್ಲಿ ಈ ಗಾದೆಯನ್ನು ಎಷ್ಟು ಹುಡುಗರಿಗೆ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ.) ಅಷ್ಟಕ್ಕೇ ಬಿಡದೆ, ಪಾಲಕೊಲ್ಲಿನ ಯು. ಶ್ರೀನಿವಾಸ್ ಇದೇ ವಾದ್ಯದಲ್ಲಿ ಎಳೆಯ ಹುಡುಗನಾಗಿದ್ದಾಗಲೇ ಕಚೇರಿ ಮಾಡಿದರೆಂಬ ಮಾತನ್ನೂ ಸೇರಿಸಿದೆ. ಪುಟ್ಟಿ ಮಾತನಾಡಲಿಲ್ಲ. ಮ್ಯಾಂಡೊಲಿನ್ ಬೀರುವಿನ ಮೇಲೇರಿತು. ಆಮೇಲೆ ಎರಡು ತಿಂಗಳು ನನ್ನೊಡನೆ ಅವಳ ಸಂಭಾಷಣೆಯೆಲ್ಲ "ಅಮ್ಮ ಊಟಕ್ಕೆ ಕರೀತಿದಾಳೆ" ಎಂಬ ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು.

ಕೊನೆಗೆ ನನ್ನ ಹೆಂಡತಿಯೇ, "ಧೂಳು ಒರೆಸಿ ಒರೆಸಿ ಸಾಕಾಯಿತು. ಮಾರಿ, ಇಲ್ಲವೇ ತಿಳಿದವರಿಗೆ ತೋರಿಸಿ" ಎಂದಳು. ಮೈಸೂರಿನ ಒಂದು ಓಣಿಯಲ್ಲಿ ವೀಣೆಗಳಿಗೆ ಮೇಳ ಕಟ್ಟುವ ಮುದುಕರೊಬ್ಬರಿದ್ದಾರೆ. ಬರಲೊಲ್ಲೆನೆಂದ ಪುಟ್ಟಿಯನ್ನೂ ಕರೆದುಕೊಂಡು ಅಲ್ಲಿಗೆ ಹೋದೆ.

ಅವರು ನುಡಿಸಿ ನೋಡಲಿಲ್ಲ. ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ವಾದ್ಯದ ಕತ್ತಿನುದ್ದಕ್ಕೂ ನೋಡಿದರು. ಜೇಬಿನಿಂದ ಎರಡು ನಾಣ್ಯ ತೆಗೆದು, ಒಂದರ ಮೇಲೊಂದಿಟ್ಟು, ಹನ್ನೆರಡನೆಯ ಮೆಟ್ಟಿಲಿನ ಬಳಿ ತಂತಿಯ ಕೆಳಗೆ ತೂರಿಸಿದರು. ನಾಣ್ಯಗಳು ಸಲೀಸಾಗಿ ಆಚೆ ಬಂದವು.

"ಇದನ್ನ ಈ ಮಗು ಒತ್ತಿತೇ?"

"ಮೂರು ವಾರ" ಎಂದೆ.

"ಗಟ್ಟಿಗಿತ್ತಿ!" ಎಂದು ಅವರು ಪುಟ್ಟಿಯ ಕಡೆ ನೋಡಿದರು. ಆ ನೋಟದಲ್ಲಿದ್ದ ಗೌರವ ನನ್ನ ಪಾಲಿಗೆ ಒಂದಿಷ್ಟೂ ಬರಲಿಲ್ಲ. ಸುಮ್ಮನಿರಲಾರದೆ ಶ್ರೀನಿವಾಸ್ ಹೆಸರೆತ್ತಿದೆ. "ಅವರದು ಕರೆಂಟಿನ ವಾದ್ಯ ಸ್ವಾಮಿ. ಒಂಟಿ ತಂತಿ, ಐದೇ ಐದು. ಇಲ್ಲಿ ಎಂಟು, ಜೋಡಿ ಜೋಡಿ. ಒಂದು ಸ್ವರಕ್ಕೆ ಎರಡೆರಡು ಒತ್ತಬೇಕು" ಎಂದರು. ಅಲ್ಲಿಗೆ ನನ್ನ ಸಂಗೀತಶಾಸ್ತ್ರ ಮುಗಿಯಿತು.

ಮೊದಲು ದಪ್ಪ ತಂತಿಗಳನ್ನು ತೆಗೆದು ಸಣ್ಣವನ್ನು ಹಾಕಿದರು. ಎಲ್ಲವನ್ನೂ ಒಮ್ಮೆಗೇ ಬಿಚ್ಚಲಿಲ್ಲ, ಒಂದೊಂದೇ ಜೋಡಿ. ಏಕೆಂದರೆ ಮ್ಯಾಂಡೊಲಿನ್ನಿನ ಕುದುರೆಯನ್ನು ಅಂಟಿಸಿರುವುದಿಲ್ಲ. ತಂತಿಗಳ ಬಿಗಿಯಲ್ಲೇ ಅದು ನಿಂತಿರುತ್ತದೆ. ಆಮೇಲೆ ಬಿರಡೆಗಳ ಕೆಳಗೆ ತಂತಿಗಳು ಕೂರುವ ಪಟ್ಟಿಯ ಗಾಡಿಗಳನ್ನು ದಾರದಂತಹ ಅರದಿಂದ ಉಜ್ಜಿದರು. ಎರಡು ಸಲ ಉಜ್ಜುವುದು, ಮೂರನೆಯ ಮೆಟ್ಟಿಲಿನಲ್ಲಿ ತಂತಿ ಒತ್ತಿಹಿಡಿದು ಮೊದಲನೆಯ ಮೆಟ್ಟಿಲಿನ ಮೇಲೆ ಬಗ್ಗಿ ನೋಡುವುದು. ಅಲ್ಲಿ ತೆಳುಕಾಗದದಷ್ಟು ಸಂದು ಉಳಿಯಬೇಕಂತೆ. ಅದಕ್ಕಿಂತ ಇಳಿದರೆ ತಂತಿ ಜಿರ್ರೆನ್ನುತ್ತದೆ, ಉಜ್ಜಿದ್ದನ್ನು ಮತ್ತೆ ತುಂಬಲಾಗದು. ಎಂಟು ಗಾಡಿಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಾನು ಉತ್ತರಪತ್ರಿಕೆಯೊಂದಕ್ಕೆ ಕೊಡುವ ಕಾಲ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಕುದುರೆಯನ್ನು ತಗ್ಗಿಸುವುದು ಅಷ್ಟು ಕಷ್ಟವಲ್ಲ. ಅದರ ಎರಡು ಕಾಲಿನಲ್ಲೂ ತಿರುಗುವ ಪುಟ್ಟ ಚಕ್ರಗಳಿವೆ. ಕಷ್ಟವೆಲ್ಲ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ. "ವೀಣೆಯಲ್ಲಾದರೆ ಮೇಣ ಕರಗಿಸಿ ಮೆಟ್ಟಿಲನ್ನೇ ಸರಿಸಿಬಿಡ್ತೀನಿ. ಇಲ್ಲಿ ಮೆಟ್ಟಿಲು ಬಡಿದು ಕೂರಿಸಿದ್ದು, ಅಲ್ಲಾಡೋಲ್ಲ. ಕುದುರೆಯೇ ಬಗ್ಗಬೇಕು" ಎಂದರು. ಹನ್ನೆರಡನೆಯ ಮೆಟ್ಟಿಲು ತಂತಿಯ ನಡುಮಧ್ಯ. ಬಿಡಿತಂತಿಯ ಸ್ವರವೇ ಅಲ್ಲಿ ಒತ್ತಿದಾಗ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ನಮ್ಮದರಲ್ಲಿ ಅದು ಏರಿ ಹೋಗಿತ್ತು. ಎತ್ತರದ ತಂತಿಯನ್ನು ಒತ್ತಿದರೆ ಅದು ಜಗ್ಗುತ್ತದೆ, ಜಗ್ಗಿದರೆ ಶ್ರುತಿ ಏರುತ್ತದೆ; ಅದರ ಮೇಲೆ ಕುದುರೆಯೂ ಮುಂದಕ್ಕೆ ಬಂದು ನಿಂತಿತ್ತು. ಅವರು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುವುದು, ಪುಟ್ಟಿ ತನ್ನ ಮೊಬೈಲಿನ ಶ್ರುತಿಯಂತ್ರ ನೋಡಿ "ಇನ್ನೂ ಮೇಲಿದೆ ತಾತ" ಎನ್ನುವುದು. ಬರಲೊಲ್ಲೆನೆಂದವಳು ಯಾವಾಗಲೋ ಅವರ ಪಕ್ಕದ ಮಣೆಯಲ್ಲಿ ಕುಳಿತಿದ್ದಳು.

ಆರುನೂರು ರೂಪಾಯಿ ಕೊಟ್ಟು ಆಟೋ ಹತ್ತಿದೆವು. ವಾದ್ಯ ಅವಳ ತೊಡೆಯ ಮೇಲಿತ್ತು. ಅಗ್ರಹಾರದ ಸರ್ಕಲ್ ದಾಟುವವರೆಗೆ ನಾನು ಕೆಮ್ಮಿದೆ, ಹೊರಗೆ ನೋಡಿದೆ. ಕಡೆಗೆ, "ಪುಟ್ಟಿ, ನೆಲವೇ ಡೊಂಕಾಗಿತ್ತು ಕಣೇ" ಎಂದೆ.

"ನಾನೂ ಅದನ್ನೇ ಅಲ್ಲವೇ ಹೇಳಿದ್ದು?" ಎಂದಳು.

ಸಂಜೆ ಮಾಯಾಮಾಳವಗೌಳದ ಸರಳೆ ಮತ್ತೆ ಮೊದಲಾಯಿತು. ಮೂರನೆಯ ವರಸೆಯಲ್ಲಿ ಅವಳು ಮೊದಲು ತಪ್ಪುತ್ತಿದ್ದ ಕಡೆಯೇ ತಪ್ಪಿದಳು. ನನ್ನ ನಾಲಗೆಯ ತುದಿಗೆ ಏನೋ ಬಂತು. ಪೇಪರು ತೆಗೆದುಕೊಂಡು ಜಗುಲಿಗೆ ಹೋದೆ.