ಹೊಗೆಯ ಲೆಕ್ಕ

ನಮ್ಮ ಶ್ರಾವಕ ಮನೆಗಳಲ್ಲಿ ನೀರನ್ನು ಸೋಸಿ ಕುಡಿಯುವ ಪದ್ಧತಿ ಇಂದಿಗೂ ಉಳಿದಿದೆ. ಆದರೆ ಮನೆಯ ವಾಹನ ಉಗುಳುವ ಹೊಗೆಯನ್ನು ವ್ರತದ ಲೆಕ್ಕಕ್ಕೆ ಹಿಡಿಯುವವರು ವಿರಳ. ನಾನೂ ಬಹುಕಾಲ ಹಿಡಿದಿರಲಿಲ್ಲ.

2003ರಲ್ಲಿ ತಾರಿಹಾಳ ಕೈಗಾರಿಕಾ ಪ್ರದೇಶದ ನಮ್ಮ ಗೋದಾಮಿನಲ್ಲಿ ಹಳೆಯ ಪೆಟ್ರೋಲ್ ವ್ಯಾನೊಂದಿತ್ತು. ಅದು ಕಪ್ಪು ಹೊಗೆ ಬಿಡುತ್ತಿದ್ದರೂ ಖರ್ಚಿಗೆ ಹಿಂಜರಿದು ದುರಸ್ತಿಯನ್ನು ಮುಂದೂಡುತ್ತಿದ್ದೆ. ಹೊಗೆ ತಪಾಸಣೆಯ ಪ್ರಮಾಣಪತ್ರವನ್ನೂ ವಾಹನ ಒಯ್ಯದೆ, ಹಣ ಕೊಟ್ಟೇ ತರಿಸಿಕೊಂಡೆ. ಒಂದು ಬೆಳಿಗ್ಗೆ ಸರಕು ಏರಿಸುವ ತನಕ ವ್ಯಾನು ಚಾಲೂ ಇತ್ತು. ಬಾಗಿಲು ಕಾಯುವವನು ಬಾಯಿಗೆ ಟವೆಲ್ ಒತ್ತಿಕೊಂಡು, “ಸಾವುಕಾರ್ರ, ಈ ಹೊಗಿ ಕುಡಿದು ಎದಿ ಉರೀತೈತ್ರಿ” ಎಂದ. ಸೂಕ್ಷ್ಮಜೀವಿಗಳಿಗೆ ನೋವಾಗದಿರಲೆಂದು ಬಾಯಿಗೆ ಬಟ್ಟೆ ಕಟ್ಟುವ ಸಾಧುಗಳಿದ್ದಾರೆ. ಈತನು ನನ್ನಿಂದ ತನ್ನನ್ನು ಕಾಪಾಡಿಕೊಳ್ಳಲು ಬಟ್ಟೆ ಹಿಡಿದಿದ್ದನು. ನನಗೆ ಉತ್ತರ ಹೊಳೆಯಲಿಲ್ಲ.

ಅಂದೇ ವ್ಯಾನನ್ನು ಮೆಕ್ಯಾನಿಕ್ ಬಳಿಗೆ ಕಳುಹಿಸಿದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಹೋಗಿತ್ತು. ಕಾರ್ಬ್ಯುರೇಟರ್ ಹದ ತಪ್ಪಿತ್ತು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಇಂಧನ ಅರೆಬರೆ ಉರಿದು ಮಸಿಯೂ ವಿಷಕಾರಿ ಕಾರ್ಬನ್ ಮಾನಾಕ್ಸೈಡೂ ಹೊರಬರುತ್ತವೆ. ದುರಸ್ತಿಯ ನಂತರ ಹೊಗೆ ನಿಂತಿತು, ಪೆಟ್ರೋಲಿನ ಖರ್ಚೂ ಇಳಿಯಿತು. ನಾನು ಉಳಿತಾಯವೆಂದು ತಿಳಿದದ್ದು ನಷ್ಟವೇ ಆಗಿತ್ತು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತಾರೆ. ಅವುಗಳಲ್ಲಿ ಒಂದಾದ ಪ್ರಮಾದಚರ್ಯೆಯಲ್ಲಿ ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜಕವಾಗಿ ಕೆಣಕುವುದೂ ವ್ಯರ್ಥ ಸಂಚಾರವೂ ಸೇರಿವೆ. ನಿಂತ ವಾಹನದ ಎಂಜಿನ್ ಉರಿಸುವುದು ಇದಲ್ಲದೆ ಮತ್ತೇನು? ಪರೀಕ್ಷೆಯಿಲ್ಲದ ಪ್ರಮಾಣಪತ್ರವಂತೂ ಸತ್ಯಾಣುವ್ರತಕ್ಕೇ ಭಂಗ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ಮಾನದಂಡ ಜಾರಿಯಲ್ಲಿದೆ. ಕಾರುಗಳ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ವಿಷಾನಿಲಗಳನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಆದರೆ ಸ್ಪಾರ್ಕ್ ಪ್ಲಗ್ ಕೆಟ್ಟು, ಉರಿಯದ ಪೆಟ್ರೋಲ್ ಅದರೊಳಗೆ ಹೋದರೆ ಅದು ಅತಿಯಾಗಿ ಕಾದು ಹಾಳಾಗುತ್ತದೆ. ಅಲ್ಲದೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದನ್ನು ಯಾವ ಕನ್ವರ್ಟರೂ ತಡೆಯದು. ಯಂತ್ರವು ನಮ್ಮ ಪರವಾಗಿ ವ್ರತ ಪಾಲಿಸಲಾರದು.

ಮಂದಿರಗಳ ವಿಶ್ವಸ್ತರಲ್ಲಿ ನನ್ನದೊಂದು ವಿನಂತಿ: ಉತ್ಸವಗಳಲ್ಲಿ ಬಸದಿಯ ಮುಂದೆ ನಿಂತ ವಾಹನಗಳ ಎಂಜಿನ್ ಆರಿಸಲು ಹೇಳಿರಿ. ಒಳಗೆ ನಾವು ಸಕಲ ಜೀವಿಗಳ ಕ್ಷಮೆ ಕೇಳುವಾಗ, ಹೊರಗೆ ಹೂ ಮಾರುವವಳು ನಮ್ಮ ಹೊಗೆ ಕುಡಿಯಬಾರದು.