ಮುಖ ಕಾಣದ ಅಭಿಮಾನ

ವಡೋದರಾದಲ್ಲಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮರುದಿನದಿಂದ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯವರಿರಲಿ, ಬ್ಯಾಂಕಿನ ಕ್ಯಾಷಿಯರ್ ಇರಲಿ, ಕೇಳುವುದು ಒಂದೇ: "ಪಾಸ್ ಆಯ್ತಾ?" ನವರಾತ್ರಿಯ ಒಂಬತ್ತು ರಾತ್ರಿ ಗರ್ಬಾ ಮೈದಾನದೊಳಕ್ಕೆ ಬಿಡುವ ಪಾಸು ಅದು. ಯಾವ ಮೈದಾನದ ಪಾಸು ಎಂಬುದರ ಮೇಲೆ ನಿಮ್ಮ ಕುಲಗೋತ್ರ ನಿರ್ಧಾರವಾಗುತ್ತದೆ. ಪ್ರತಿ ದೊಡ್ಡ ಮೈದಾನಕ್ಕೂ ಒಬ್ಬ ಗಾಯಕ, ಅವನ ಹಿಂದೊಂದು ವಾದ್ಯವೃಂದ, ಆ ವೃಂದದ ಪರವಾಗಿ ನೆರೆಹೊರೆಯವರ ಜೊತೆ ಮಾತು ಬಿಡಲೂ ಸಿದ್ಧವಿರುವ ಒಂದು ಪಡೆ. ನಮ್ಮ ಮೇಲಿನ ಮಹಡಿಯವರು ಅಚಲ್ ಮೆಹ್ತಾ ಅವರ ರಿಷಭ್ ಗ್ರೂಪಿನ ಪಕ್ಷ. ನನ್ನ ಹೆಂಡತಿ ಯುನೈಟೆಡ್ ವೇ ಮೈದಾನದ ಅತುಲ್ ಪುರೋಹಿತರ ಪಕ್ಷ. ಹೆಂಡತಿ ಸೇರಿದ ಪಕ್ಷಕ್ಕೆ ಗಂಡ ಬೇರೆ ಅರ್ಜಿ ಹಾಕಬೇಕಾದ್ದಿಲ್ಲ.

ನಾವು ಧಾರವಾಡದ ಕಡೆಯವರು. ನೌಕರಿಗೆಂದು ಬಂದಾಗ ಈ ಊರು ಅಷ್ಟೇನೂ ಪರಕೀಯ ಅನಿಸಲಿಲ್ಲ. ಗಾಯಕವಾಡರು ಆಳಿದ ಊರು, ಹಳೇ ಪೇಟೆಯಲ್ಲಿ ಮರಾಠಿ ಕಿವಿಗೆ ಬೀಳುತ್ತದೆ, ಗಣಪತಿಯ ಗದ್ದಲ ನಮ್ಮಲ್ಲಿಯಷ್ಟೇ. ಸಂಗೀತದ ಮಟ್ಟಿಗಂತೂ ನನಗೆ ಇಲ್ಲಿ ಅರ್ಧ ಹಕ್ಕಿದೆ ಎಂಬ ಜಂಬವೇ ಇತ್ತು. ಇಲ್ಲಿನ ಬರೋಡಾ ದರ್ಬಾರಿನ ಉಸ್ತಾದ್ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ' ಎಂಬ ಬಿರುದು ಕೊಟ್ಟವರು ಮೈಸೂರಿನ ಮಹಾರಾಜರು. ಆಗ್ರಾ ಘರಾಣೆಯ ಆ ಗಾಯಕ 1950ರಲ್ಲಿ ಕಣ್ಣು ಮುಚ್ಚಿದ್ದು ಈ ಊರಲ್ಲೇ. ಬೈಠಕ್ಕಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಗಾಯಕನ ಮುಖದ ಮೇಲಿಂದ ಕಣ್ಣು ಕೀಳದೆ, ತಾಳದ ಸಮ್ ಬಂದಾಗ ತಲೆದೂಗಿ 'ವಾಹ್' ಅನ್ನುವುದಕ್ಕೆ ನಮ್ಮಲ್ಲಿ ಅಭಿಮಾನ ಅನ್ನುತ್ತಾರೆ. ಹಾಡುವವನ ಹುಬ್ಬು ಏರಿದ್ದು, ತಂಬೂರಿಯವನತ್ತ ಅವನು ಒಮ್ಮೆ ನೋಡಿದ್ದು, ಎಲ್ಲ ಮರುದಿನ ಚಹಾದಂಗಡಿಯಲ್ಲಿ ಚರ್ಚೆಗೆ ಬರಬೇಕು.

ಗರ್ಬಾದಲ್ಲಿ ಈ ವಿದ್ಯೆ ಮೂರು ಕಾಸಿಗೆ ಉಪಯೋಗವಿಲ್ಲ.

ಯುನೈಟೆಡ್ ವೇ ಮೈದಾನದಲ್ಲಿ ಒಂದು ರಾತ್ರಿ 30-40 ಸಾವಿರ ಜನ ಆಡುತ್ತಾರೆ ಎಂದು ಪತ್ರಿಕೆಗಳು ಬರೆಯುತ್ತವೆ. ಒಳಗೆ ನಿಂತವನಿಗೆ ಲೆಕ್ಕ ತಿಳಿಯುವುದಿಲ್ಲ. ಸುತ್ತಿನೊಳಗೊಂದು ಸುತ್ತು, ಅದರೊಳಗೆ ಮತ್ತೊಂದು, ಎಲ್ಲವೂ ಒಂದೇ ದಿಕ್ಕಿಗೆ ಹೊರಳುತ್ತಿರುತ್ತವೆ. ವಡೋದರಾದ ಠೇಂಕಾರವೇ ಇದು. ಅಹಮದಾಬಾದಿನಲ್ಲಿ ಗೆಳೆಯರ ಗುಂಪು ಗುಂಪಾಗಿ ತಮ್ಮದೇ ಸಣ್ಣ ವೃತ್ತ ಕಟ್ಟಿಕೊಂಡು, ಹೊಸ ಹೊಸ ಹೆಜ್ಜೆ ಕೂಡಿಸಿ ಆಡುತ್ತಾರೆ; ಇಲ್ಲಿ ಇಡೀ ಊರು ಒಂದೇ ಚಕ್ರ. ಕೋಲು ಇಲ್ಲ, ಕೈಯೇ ತಾಳ. ಎರಡು ಚಪ್ಪಾಳೆಯ 'ಬೇ ತಾಲಿ', ಮೂರು ಚಪ್ಪಾಳೆಯ 'ತ್ರಣ್ ತಾಲಿ'. ಬಹಳ ಜನ ಬರಿಗಾಲಲ್ಲೇ ಆಡುತ್ತಾರೆ. ಮೊದಲು ನಿಧಾನ, ದೇವಿಯ ಸ್ತುತಿ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಸೇರಿಕೊಂಡು ಮುಕ್ಕಾಲು ಗಂಟೆ ಉಸಿರು ಬಿಡಲು ಜಾಗವಿಲ್ಲ. ಮಧ್ಯಂತರ ಕಳೆದ ಮೇಲೆ ಢೋಲಿನವನಿಗೆ ಆವೇಶ ಬಂದು ಲಯ ಏರುತ್ತ ಏರುತ್ತ ಹೋಗುತ್ತದೆ. ಗಾಯಕನನ್ನು ಒಮ್ಮೆ ಕಣ್ತುಂಬ ನೋಡೋಣ ಅಂತ ನೀವು ನಿಂತಿರೋ, ಹಿಂದಿನಿಂದ ಬರುವ ಕುಟುಂಬವೊಂದು, ಅಜ್ಜಿಯಿಂದ ಮೊಮ್ಮಗಳವರೆಗೆ, ಸಾಲಾಗಿ ನಿಮಗೆ ಡಿಕ್ಕಿ ಹೊಡೆಯುತ್ತದೆ.

ಹಾಗೆ ಹೊಡೆಸಿಕೊಂಡಾಗಲೇ ನನಗೆ ದೀಕ್ಷೆಯಾದದ್ದು. "ಸ್ಟೇಜ್ ಯಾಕ ನೋಡ್ತೀರಿ? ಮುಂದಿನಾಕಿ ಕಾಲ ನೋಡ್ಕೋತ ಬರ್ರಿ," ಅಂದಳು ಹೆಂಡತಿ. ಅರ್ಧ ಸುತ್ತು ಆದ ಮೇಲೆ ಮತ್ತೆ ತಿದ್ದಿದಳು: "ಕಾಲ ನೋಡ್ರಿ ಅಂದೆ. ಮುಂದಿನಾಕಿನ್ನ ನೋಡ್ರಿ ಅನ್ನಲಿಲ್ಲ."

ಅವಳು ಈ ಪಂಥಕ್ಕೆ ಬಿದ್ದದ್ದು ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ. ಮಳೆಗಾಲದಲ್ಲೇ ಇಲ್ಲಿ ಗರ್ಬಾ ಕ್ಲಾಸುಗಳು ಶುರುವಾಗುತ್ತವೆ. ಕಾರುಗಳನ್ನು ಹೊರಗೆ ಹಾಕಿ, ಕಾಲೇಜು ಹುಡುಗನೊಬ್ಬ ಮೊಬೈಲಿನಿಂದ ಹಾಡು ಬಿಟ್ಟು, ನಡುವಯಸ್ಸಿನ ಹೆಂಗಸರಿಗೆ 'ದೋಢಿಯು' ಹೆಜ್ಜೆ ಕಲಿಸುತ್ತಾನೆ. ಆಮೇಲೆ ಚಣಿಯಾ ಚೋಳಿ ಕೊಳ್ಳುವ ಕಾರ್ಯಕ್ರಮ. ಅದಕ್ಕೆ ಅಹಮದಾಬಾದಿನ ಲಾ ಗಾರ್ಡನ್ನೇ ಆಗಬೇಕು. ಹೆಸರು ಕೇಳಿ ವಕೀಲರ ತಾಣವೆಂದುಕೊಂಡು ಹೋದರೆ ರಸ್ತೆಯುದ್ದಕ್ಕೂ ಕನ್ನಡಿ ಹೊಲಿದ ಲಂಗಗಳು. ನನಗೂ ಒಂದು ಕೇಡಿಯು ಆಯಿತು. ಎದೆಯ ಕೆಳಗೆ ನೆರಿಗೆ ಹಿಡಿದ, ಗೋಪಾಲಕರು ತೊಡುತ್ತಿದ್ದ ಆ ಗಿಡ್ಡ ಅಂಗಿಯಲ್ಲಿ ಹೊಟ್ಟೆ ಅಡಗಿಸಲು ಬಹಳ ಅನುಕೂಲವಿದೆ. ನಮ್ಮ ಕಡೆ ಇದು ಯಾಕೆ ಬರಲಿಲ್ಲವೋ.

ಅಲ್ಲಿಂದ ಮುಂದೆ ನಾವಿಬ್ಬರೂ ಪೂರ್ಣಾವಧಿ ಭಕ್ತರು. ಸಂಜೆ ಬೇಗ ಉಣ್ಣುವುದು, ಮಂಡಿಗೆ ಪಟ್ಟಿ ಕಟ್ಟುವುದು, ಮಳೆ ಬಂದರೆ ಕೆಸರಾದ ಮೈದಾನಕ್ಕಾಗಿ ಸ್ವಂತ ಹೊಲದಷ್ಟು ಮರುಗುವುದು. ಹಲವು ವರ್ಷ ಹನ್ನೆರಡಕ್ಕೆ ಮೈಕು ಬಂದ್ ಎಂಬುದು ಕಾನೂನಾಗಿತ್ತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಊರಿಗೆ ಊರೇ ಆಡುವ ವೇಗ ನೋಡಿದರೆ ಜಗತ್ತು ಮುಗಿಯುವುದು ಯಾರಿಗೋ ಗೊತ್ತಾಗಿದೆ ಅನಿಸುತ್ತಿತ್ತು. ಆಮೇಲೆ ರಸ್ತೆ ಬದಿಯಲ್ಲಿ ಸೇವ್ ಉಸಳ್. ಬಟಾಣಿಯ ಖಾರದ ರಸ್ಸಾ, ಮೇಲೆ ಸೇವ್, ಜೊತೆಗೆ ಪಾವು. ಸಿಹಿ ಬೆರೆತ ಗುಜರಾತದಲ್ಲಿ ಧಾರವಾಡದ ನಾಲಿಗೆಗೆ ಇಷ್ಟಾದರೂ ನ್ಯಾಯ ಸಿಗುತ್ತದೆ.

ತೊಡಕು ಬಂದದ್ದು ದೀಪದ ವಿಷಯದಲ್ಲಿ. ನವರಾತ್ರಿಗೆ ನಮ್ಮಲ್ಲಿ ಘಟ್ಟ ಹಾಕುತ್ತಾರೆ. ಮಣ್ಣಲ್ಲಿ ಧಾನ್ಯ ಬಿತ್ತಿ, ಘಟವಿಟ್ಟು, ಒಂಬತ್ತು ದಿನ ನಂದಾದೀಪ ಆರದಂತೆ ಕಾಯಬೇಕು. ದೇವಿಯ ದೀಪ ಕಾಯಬೇಕಾದ ಸೊಸೆ ದೇವಿಯ ಹೆಸರಲ್ಲೇ ರಾತ್ರಿ ಒಂದಕ್ಕೆ ಮನೆಗೆ ಬಂದರೆ ಏನನ್ನಬೇಕು? ಆ ವರ್ಷ ಅವ್ವ ಊರಿಂದ ಬಂದಿದ್ದಳು. ಸೊಸೆ ಜಾಣೆ. ಗರ್ಬಾದ ನಡುವೆ ಇಡುವುದೂ ತೂತುಗಳ ಮಡಕೆಯೊಳಗಿನ ದೀಪವೇ, ಅದೂ ಘಟ, ಇದೂ ಘಟ ಅಂತ ವಿವರಿಸಿದಳು. ಯುನೆಸ್ಕೋದವರೂ 2023ರ ಡಿಸೆಂಬರಿನಲ್ಲಿ ಗರ್ಬಾವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ ಅಂದಳು. ಯುನೆಸ್ಕೋ ಅವ್ವನ ಮೇಲೆ ಯಾವ ಪರಿಣಾಮವನ್ನೂ ಬೀರಲಿಲ್ಲ. "ಹೋಗ್ರಿ, ಎಣ್ಣಿ ನಾ ಹಾಕ್ತೀನಿ," ಅಂದಳು, ದೀಪಕ್ಕೆ ಕಾವಲು ಕೂತಳು, ನಿದ್ದೆ ಬರಬಾರದೆಂದು ಟೀವಿ ಹಚ್ಚಿದಳು. ಟೀವಿಯಲ್ಲಿ ನಮ್ಮದೇ ಮೈದಾನದ ನೇರಪ್ರಸಾರ.

ಮೊದಲ ರಾತ್ರಿ ನಾವು ಬಂದಾಗ ಆಕ್ಷೇಪ ತಯಾರಿತ್ತು. "ಎಲ್ಲಾರೂ ಉಲ್ಟಾ ಸುತ್ತತಾರಲ್ಲೋ! ದೇವರ ಸುತ್ತ ಹಂಗ ಸುತ್ತತಾರೇನು?" ನಿಜ, ಗರ್ಬಾ ತಿರುಗುವುದು ಅಪ್ರದಕ್ಷಿಣೆಯಾಗಿ, ದೇವಿಯನ್ನು ಎಡಕ್ಕಿಟ್ಟುಕೊಂಡು. ಅಷ್ಟು ವರ್ಷ ಆಡಿದರೂ ನಮ್ಮ ತಲೆಗೆ ಹೊಳೆದಿರಲಿಲ್ಲ. ಎರಡನೇ ರಾತ್ರಿ ಆಕ್ಷೇಪ ಇರಲಿಲ್ಲ. ಮೂರನೇ ರಾತ್ರಿ ಅವ್ವ ನಮಗೇ ವರದಿ ಒಪ್ಪಿಸಿದಳು: ಅತುಲ್‌ಭಾಯ್ ಇವತ್ತು ತೊಟ್ಟ ಕುರ್ತಾ ಎಂಥದು, ಯಾವ ಹಾಡಿಗೆ ಕಣ್ಣು ಮುಚ್ಚಿದರು, ಹಿಂದೆ ಕೂತ ಢೋಲಿನ ಹುಡುಗ ಯಾವಾಗ ನಕ್ಕ. ನಾವು ಮುಖ ಮುಖ ನೋಡಿಕೊಂಡೆವು. ಆ ರಾತ್ರಿ ಮೂರು ತಾಸು ಆ ದನಿಯ ಬೆನ್ನಿಗೆ ಬಿದ್ದು ಆಡಿದ್ದ ನಮಗೆ ಕುರ್ತಾದ ಬಣ್ಣ ಗೊತ್ತಿರಲಿಲ್ಲ. "ಮತ್ತ ನೀವು ಅಲ್ಲೆ ಹೋಗಿ ಏನ ನೋಡಿದ್ರಿ?" ಅಂತ ಅವ್ವ ಕೇಳಿದಳು. ಮುಂದಿನಾಕಿ ಕಾಲು ಅಂತ ತಾಯಿಗೆ ಹೇಳುವುದು ಹೇಗೆ?

ಅವ್ವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ದೊಡ್ಡ ಅಭಿಮಾನಿ ಬಳಗ ಇಟ್ಟುಕೊಂಡೂ ಒಬ್ಬ ಗಾಯಕ ತನ್ನನ್ನು ಯಾರೂ ದಿಟ್ಟಿಸದಿರುವ ಜಾಗದಲ್ಲಿ ಹಾಡುತ್ತಾನೆ. ಜನ ಅವನ ಹಾಡನ್ನು ಕಾಲಿಗೆ ಇಳಿಸಿಕೊಂಡಿರುತ್ತಾರೆ. ಲಯ ಅರ್ಧ ಕೂದಲೆಳೆ ಜಾರಿದರೆ ಸಾವಿರಾರು ಕಾಲುಗಳು ಏಕಕಾಲಕ್ಕೆ ಪತ್ತೆ ಹಚ್ಚುತ್ತವೆ. ಬೈಠಕ್ಕಿನ ನಮ್ಮ ರಸಿಕರಿಗಿಂತ ಇವರು ಕಠಿಣ ಪರೀಕ್ಷಕರು ಅಂತ ನನ್ನ ಅಭಿಪ್ರಾಯ. ನಮ್ಮವರನ್ನು ಒಂದು ಹುಬ್ಬು ಏರಿಸಿ ಒಲಿಸಿಕೊಳ್ಳಬಹುದು.

ಈ ಹುಚ್ಚಿನಲ್ಲೇ ಒಮ್ಮೆ ಸೂರತ್ತಿಗೂ ಹೋದೆವು, ಶರದ್ ಪೂರ್ಣಿಮೆಗೆ. ನವರಾತ್ರಿ ಮುಗಿದರೂ ಗುಜರಾತಿಗೆ ಸಾಕಾಗುವುದಿಲ್ಲ. ಹುಣ್ಣಿಮೆಗೆ ಇನ್ನೊಮ್ಮೆ ಆಡಿ, ಬೆಳದಿಂಗಳಲ್ಲಿಟ್ಟ ಹಾಲವಲಕ್ಕಿ ತಿಂದ ಮೇಲೇ ಕಾಲಿಗೆ ವಿಶ್ರಾಂತಿ. ಸೂರತ್ತಿಗೆ ಗರ್ಬಾದಲ್ಲಿ ತನ್ನದೇ ಪಾಲಿದೆ. ಎಲ್ಲ ಮೈದಾನಗಳಲ್ಲೂ ಹಾಡುವ 'ಜಯ್ ಆದ್ಯಾಶಕ್ತಿ' ಆರತಿಯನ್ನು ಕಟ್ಟಿದ ಶಿವಾನಂದ ಸ್ವಾಮಿ ಸೂರತ್ತಿನವರು. ಗರ್ಬಾ ಹಾಡುಗಳನ್ನು ಬರೆದ ವಲ್ಲಭ ಮೇವಾಡೋ ಅಹಮದಾಬಾದಿನವರು, ಗರ್ಬಿ ಹಾಡುಗಳನ್ನು ಬರೆದ ದಯಾರಾಮ್ ವಡೋದರಾ ಹತ್ತಿರದ ಡಭೋಯಿಯವರು. ಹೀಗೆ ಮೂರೂ ಊರು ಲೆಕ್ಕ ಚುಕ್ತಾ ಮಾಡಿಕೊಂಡಿವೆ. ಆದರೆ ವಜ್ರ, ಜವಳಿಯ ಈ ಶ್ರೀಮಂತ ಊರಲ್ಲಿ ಈಗ ದೊಡ್ಡ ಗರ್ಬಾಗಳು ಎಸಿ ಹಾಕಿದ ಡೋಮುಗಳೊಳಗೂ ನಡೆಯುತ್ತವೆ. ಮಳೆಯಿಲ್ಲ, ಕೆಸರಿಲ್ಲ, ಬೆವರಿಲ್ಲ. "ಹುಣ್ಣಿವಿ ಮಾಡಾಕ ಬಂದು ಚಂದ್ರನ್ನs ಹೊರಗ ಬಿಟ್ಟಾರಲ್ರಿ," ಅಂದಳು ಹೆಂಡತಿ. ಮರುದಿನದ 'ಚಾಂದನಿ ಪಡವೋ' ಅವಳನ್ನು ಸಮಾಧಾನ ಮಾಡಿತು. ಆ ರಾತ್ರಿ ಸೂರತ್ತಿನವರು ಮನೆ ಬಿಟ್ಟು ಫುಟ್‌ಪಾತಿನ ಮೇಲೆ ಕೂತು, ಖೋವಾ ತುಂಬಿ ಮೇಲೆ ತುಪ್ಪ ಹೆಪ್ಪುಗಟ್ಟಿಸಿದ ಘಾರಿ ತಿನ್ನುತ್ತಾರೆ. ಎರಡನೇ ಘಾರಿಗೆ ಕೈ ಹಾಕುವವರು ಆ ಊರಲ್ಲೇ ಹುಟ್ಟಿರಬೇಕು.

ಇಂಥ ನಮ್ಮನ್ನು ಅಹಮದಾಬಾದಿಗೆ, ಇಂಗ್ಲಿಷ್ ಹಾಡಿನ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮಕ್ಕೆ ಎಳೆದವನು ಬೆಂಗಳೂರಿನ ನನ್ನ ಅಕ್ಕನ ಮಗ. ಮುಂಬಯಿಯ ಟಿಕೆಟ್ಟು ಸಿಗದೆ ಹುಚ್ಚನಂತಾಗಿದ್ದ. 2025ರ ಜನವರಿ 25ಕ್ಕೆ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ, ಆಮೇಲೆ 26ಕ್ಕೂ ಕಾರ್ಯಕ್ರಮ ಅಂತ ಗೊತ್ತಾದಾಗ ಮೊಬೈಲಿನಲ್ಲಿ ಸರದಿ ನಿಂತು, ಅವನ ಮುಂದೆ ಲಕ್ಷಾಂತರ ಜನ ಕರಗುವ ತನಕ ಕಾದು, ಟಿಕೆಟ್ ಹಿಡಿದ. ಗೆಳೆಯರು ಕೈಕೊಟ್ಟಾಗ ಎರಡು ಟಿಕೆಟ್ಟು ನಮ್ಮ ಪಾಲಿಗೆ ಬಂದವು. "ಮಾಮಾ, ನಿಮಗ ಅರ್ಥ ಆಗೂದಿಲ್ಲ, ಆದ್ರ ಬರ್ರಿ," ಅಂದ.

ಆ ಎರಡು ದಿನ ಅಹಮದಾಬಾದಿನಲ್ಲಿ ಹೋಟೆಲು ಕೋಣೆಯ ದರ ಕೇಳಿ ಜನ ಬಂದ ರೈಲಿನಲ್ಲೇ ವಾಪಸು ಹೋಗುವ ಯೋಚನೆ ಮಾಡುತ್ತಿದ್ದರು. 2023ರ ಅಕ್ಟೋಬರಿನ ಭಾರತ-ಪಾಕಿಸ್ತಾನ ಪಂದ್ಯದ ಹೊತ್ತಿಗೆ ಕೋಣೆ ಸಿಗದವರು ಪೂರ್ಣ ತಪಾಸಣೆಯ ನೆಪ ಹೇಳಿ ಆಸ್ಪತ್ರೆಯಲ್ಲೇ ಹಾಸಿಗೆ ಹಿಡಿದ ಊರು ಅದು. ಪಶ್ಚಿಮ ರೈಲ್ವೆ ಬಾಂದ್ರಾದಿಂದ ವಿಶೇಷ ರೈಲು ಬಿಟ್ಟಿತ್ತು. ಸೂರತ್ತಿನ ಉಧನಾ, ವಡೋದರಾ ದಾಟಿ ಹೋಗುತ್ತಿತ್ತು. ನಾವು 26ರಂದು ಅದನ್ನೇ ಹತ್ತಿದೆವು. ಬೋಗಿ ತುಂಬ ಹುಡುಗರು ಇಂಗ್ಲಿಷ್ ಹಾಡು ಹಾಡುತ್ತಿದ್ದರು, ನಡುನಡುವೆ ಠೇಪ್ಲಾ ಹಂಚುತ್ತಿದ್ದರು.

1,32,000 ಆಸನಗಳ ಆ ಕ್ರೀಡಾಂಗಣದೊಳಗೆ ಕೂತಾಗ ತಂಡದ ಗಾಯಕ ಕ್ರಿಸ್ ಮಾರ್ಟಿನ್ ನಮಗೆ ಅಕ್ಕಿಕಾಳಿನಷ್ಟು ಕಂಡ. ಮಿಕ್ಕದ್ದನ್ನು ಪರದೆ ನೋಡಿಕೊಂಡಿತು. ಎರಡು ರಾತ್ರಿ ಸೇರಿ ಎರಡು ಲಕ್ಷಕ್ಕೂ ಮಿಕ್ಕಿ ಜನ, ಅದೂ ಪಾನನಿಷೇಧದ ರಾಜ್ಯದಲ್ಲಿ; ಮಜ್ಜಿಗೆ ಕುಡಿದು ಇಷ್ಟು ಕುಣಿಯಬಲ್ಲವರು ಗುಜರಾತಿಗಳು ಮಾತ್ರ. ಒಳಬರುವಾಗ ಎಲ್ಲರ ಮಣಿಕಟ್ಟಿಗೂ ಒಂದೊಂದು ಬೆಳಕಿನ ಪಟ್ಟಿ ಕೊಟ್ಟಿದ್ದರು. ಹಾಡಿನ ಲಯಕ್ಕೆ ಎಲ್ಲಿಂದಲೋ ಅದನ್ನು ಆಡಿಸುತ್ತಾರೆ. ಕ್ರೀಡಾಂಗಣ ಒಮ್ಮೆ ಕೆಂಪು, ಒಮ್ಮೆ ಹಳದಿ. ಹೋಗುವಾಗ ವಾಪಸು ಕೊಡಬೇಕು. ಕ್ರಿಕೆಟಿಗ ಬುಮ್ರಾ ಬಂದಿದ್ದ, ಅವನ ಊರಲ್ಲಿ ಮಾರ್ಟಿನ್ ಅವನನ್ನು ಕೊಂಡಾಡಿದ್ದಕ್ಕೆ ಎದ್ದ ಕೂಗಿನಲ್ಲಿ ಮುಂದಿನ ಹಾಡಿನ ಆರಂಭವೇ ಮುಳುಗಿಹೋಯಿತು. ಗಣರಾಜ್ಯೋತ್ಸವವಾದ್ದರಿಂದ ವಂದೇ ಮಾತರಂ ಕೂಡ ಆಯಿತು.

ನನ್ನ ಮಟ್ಟಿಗೆ ಆ ರಾತ್ರಿಯ ಘಟನೆ ಬೇರೆ. 'ಎ ಸ್ಕೈ ಫುಲ್ ಆಫ್ ಸ್ಟಾರ್ಸ್' ನಡುವೆ ಮಾರ್ಟಿನ್ ಹಾಡು ನಿಲ್ಲಿಸಿದ. ಈ ಒಂದು ಹಾಡಿಗೆ ಮೊಬೈಲು ಒಳಗಿಡಿ ಎಂದು ಬೇಡಿಕೊಂಡ. ಊರೂರಲ್ಲೂ ಹಾಗೆಯೇ ಕೇಳುತ್ತಾನಂತೆ. ಸಾವಿರಾರು ಪರದೆಗಳು ಆರಿದವು. ಹಾಡು ಮತ್ತೆ ಶುರುವಾದಾಗ ಖಾಲಿಯಾದ ಕೈಗಳನ್ನು ಏನು ಮಾಡಬೇಕೆಂದು ಸುತ್ತಲಿನವರಿಗೆ ತಿಳಿಯದಿದ್ದರೂ ನನ್ನ ಹೆಂಡತಿಗೆ ತಿಳಿದಿತ್ತು. ಆಸನಗಳ ನಡುವಿನ ಇಕ್ಕಟ್ಟಿನಲ್ಲೇ ಎರಡು ಚಪ್ಪಾಳೆ, ಒಂದು ಹೊರಳು. ಹಿಂದಿನ ಸಾಲಿನ ನಡಿಯಾದಿನ ಸಂಸಾರ ತಕ್ಷಣ ಗುರುತು ಹಿಡಿದು ಸೇರಿಕೊಂಡಿತು. ಸುತ್ತು ಹಾಕಲು ಜಾಗವಿಲ್ಲದ್ದರಿಂದ ನಿಂತಲ್ಲೇ ತಿರುಗಿದರು, ವೇದಿಕೆಗೆ ಪೂರಾ ಬೆನ್ನು ಹಾಕಿ. ಅಕ್ಕನ ಮಗ ನನ್ನತ್ತ ನೋಡಿದ. "ಮಾಮಾ, ಮಾಮಿಗೆ ಹೇಳ್ರಿ, ಅವ ಆ ಕಡೆ ಅದಾನ." ನಾನು ಹೇಳಲಿಲ್ಲ. ನಾನೂ ಆ ಹೊತ್ತಿಗೆ ಮುಂದಿನವರ ಕಾಲು ನೋಡುತ್ತಿದ್ದೆ.

ಹೊರಬಂದು ಮೊಟೇರಾದಿಂದ ಮೆಟ್ರೋ, ಆಮೇಲೆ ರೈಲು. ಮನೆ ಮುಟ್ಟುವಾಗ ಹಾಲಿನವ ಬರುವ ಹೊತ್ತು. ಸಂಕ್ರಾಂತಿಗೆಂದು ಬಂದಿದ್ದ ಅವ್ವ ಎದ್ದು ಕೂತಿದ್ದಳು. ಎರಡನೇ ರಾತ್ರಿಯ ಕಾರ್ಯಕ್ರಮವನ್ನು ಹಾಟ್‌ಸ್ಟಾರ್ ನೇರಪ್ರಸಾರ ಮಾಡಿತ್ತು, ಪೂರ್ತಿ ನೋಡಿದ್ದಾಳೆ.

"ಹುಡುಗ ಚಲೋ ಹಾಡ್ತಾನ," ಅಂದಳು. "ಅಂಗಿಗೆ ಬಣ್ಣಬಣ್ಣದ ತ್ಯಾಪಿ ಹಚ್ಚಿಸ್ಕೊಂಡಾನ, ನೋಡಿದ್ರೇನು? ಆದ್ರ ಅಷ್ಟು ಮಂದಿನ್ನ ಮೂರು ತಾಸು ನಿಂತಲ್ಲೇ ನಿಂದರಿಸಿದ್ನಲ್ಲೋ. ಕಾಲ ನೋಯೂದಿಲ್ಲೇನು?"

"ನೋಯ್ತಾವ್ರಿ ಅತ್ತಿ," ಅಂದಳು ಹೆಂಡತಿ, ಚಪ್ಪಲಿ ಬಿಚ್ಚುತ್ತ. "ಗರ್ಬಾದಾಗ ಹಿಂಗ ಎಂದೂ ನೋಯಲಿಲ್ಲ."